ಮುಷ್ಕರಕ್ಕ ಮೊದಲು ಕಸಬರಿಗೆಯ ಲೆಕ್ಕ

ಮುಷ್ಕರ ಆಗತೈತಿ ಅಂತ ಸುದ್ದಿ ಹುಟ್ಟಿದ ಕೂಡಲೆ ವಿಶ್ವವಿದ್ಯಾಲಯದ ಕುರ್ಚಿಗಳು ಎಚ್ಚರಾಗತಾವ. ‘ವಿದ್ಯಾರ್ಥಿಗಳಿಗೆ ತೊಂದರೆಯಾಗದಂತೆ ಪರ್ಯಾಯ ವ್ಯವಸ್ಥೆ’ ಅಂತ ಸುತ್ತೋಲೆ ಹೊರಡತೈತಿ. ಈ ಪರ್ಯಾಯ ವ್ಯವಸ್ಥೆ ಅಂದ್ರೆ ಯಾರು? ಪಾಠಕ್ಕ, ಕೆಲಸ ಸಿಗದೆ ತಿರುಗೋ ಇನ್ನೊಬ್ಬ ಎಂ.ಎ. ಹುಡುಗ. ಕಸಕ್ಕ, ಅದೇ ಕೇರಿಯ ಇನ್ನೊಬ್ಬ ತಾಯಿ. ಹಾಸ್ಟೆಲ್ ಅಡುಗೆಗೆ, ಅಲ್ಲೇ ಉಣ್ಣೋ ನಮ್ಮ ತಮ್ಮಂದಿರು. ಹಸಿದವನ ಕೈಲೆ ಹಸಿದವನ ಗಂಗಾಳ ಕಸಿಯೋದಕ್ಕ ಇವರು ಇಟ್ಟ ಹೆಸರು ವ್ಯವಸ್ಥೆ!

ಚಚಡಿ, ಯರಗಟ್ಟಿ, ಸವದತ್ತಿ ಕಡೆಯ ಕೇರಿಗಳಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕ ಓದಾಕ ಹೋಗೋ ನಮಗ ಇದು ಹೊಸದಲ್ಲ. ನಮ್ಮ ಹಿರಿಯರು ವರ್ಷವಿಡೀ ಊರ ಚಾಕರಿ ಮಾಡಿ, ರಾಶಿ ದಿವಸ ಕಣದ ಅಂಚಿಗೆ ನಿಂತು ಆಯ ಬೇಡಿದವರು. ಅದು ಕೂಲಿಯಲ್ಲ, ಕೊಟ್ಟವರ ದಯೆ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಾಗಿದ್ದ ಕಾಲಕ್ಕ, 1928ರಲ್ಲಿ, ಬಾಬಾಸಾಹೇಬರು ಅಲ್ಲಿಯ ಶಾಸನಸಭೆಯಲ್ಲಿ ಈ ವತನದ ಚಾಕರಿಯ ವಿರುದ್ಧ ಮಸೂದೆ ತಂದರು.

ಈಗ ನೋಡ್ರಿ. ಹದಿನೈದು ವರ್ಷ ಪಾಠ ಮಾಡಿದವನಿಗೂ ‘ಅತಿಥಿ’ ಅಂತ ಹೆಸರು. ಕೊಡೋದು ಸಂಬಳ ಅಲ್ಲ, ‘ಗೌರವಧನ’. ಹೊರಗುತ್ತಿಗೆಯ ಮ್ಯಾಲ ಕಸ ಹೊಡೆಯೋ ತಾಯಿ ವಿಶ್ವವಿದ್ಯಾಲಯದ ನೌಕರಳೇ ಅಲ್ಲ, ಗುತ್ತಿಗೆದಾರನ ಆಳು. ಕಣ ಹೋಗಿ ಕ್ಯಾಂಪಸ್ ಬಂತು, ಆಯ ಹೋಗಿ ಗೌರವಧನ ಬಂತು, ಕೈ ಚಾಚೋದು ತಪ್ಪಲಿಲ್ಲ! ಹೊರಗುತ್ತಿಗೆಗೂ ಮೀಸಲಾತಿ ಅಂತ 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಮಾಡಿತು. ಆದರೆ ‘ನಾಳೆ ಬರಬ್ಯಾಡ’ ಅಂದರೆ ಮುಗೀತು ಅನ್ನೋ ಕೆಲಸದಾಗ ಮೀಸಲಾತಿ ಸಿಕ್ಕು ಮಾಡೋದೇನು?

ಕಾಯಂ ನೌಕರ ಬಂಧುಗಳೇ, ನಿಮಗೊಂದು ಮಾತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅದೇ ದಿನ ಶೇ. 17 ಮಧ್ಯಂತರ ಪರಿಹಾರ ಬಂತು, ಮುಷ್ಕರ ಮುಗೀತು. ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿದರು. ತಿಂಗಳು ದಾಟಿತು. ಹೊಸ ವರ್ಷದಾಗ ತುಮಕೂರಿನಿಂದ ಬೆಂಗಳೂರಿಗೆ ನಡೆದರು. ಸಿಕ್ಕಿದ್ದು ಸೇವೆಯ ಲೆಕ್ಕದಾಗ 5ರಿಂದ 8 ಸಾವಿರದ ಏರಿಕೆ. ಕಾಯಂ ಮಾತ್ರ ಆಗಲಿಲ್ಲ. ಅವರು ರಸ್ತೆಯಲ್ಲಿದ್ದಾಗ ನಿಮ್ಮಲ್ಲಿ ಎಷ್ಟು ಮಂದಿ ಕುರ್ಚಿ ಬಿಟ್ಟು ಎದ್ದಿರಿ?

1928ರಲ್ಲೇ ಮುಂಬಯಿ ಗಿರಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ್ದರು. ಆ ಗಿರಣಿಗಳ ನೇಯ್ಗೆ ಖಾತೆಗೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಎಳಿಗೆ ಬಾಯಿ ತಾಗಸಬೇಕಾಗತಿತ್ತು, ಮೈಲಿಗೆ! ಬಾಗಿಲು ಹಾಕಿದವರು ಮಾಲೀಕರಷ್ಟೇ ಅಲ್ಲ, ಜೊತೆಗೆ ದುಡಿಯೋ ಕಾರ್ಮಿಕರೂ ಹೌದು. ಆ ಬಾಗಿಲು ತೆರೆಸೋದನ್ನೂ ಬೇಡಿಕೆಯಲ್ಲಿ ಸೇರಿಸಿ ಅಂತ ಬಾಬಾಸಾಹೇಬರು ಪಟ್ಟು ಹಿಡಿದರು. ಮುಂದೆ ಮುಷ್ಕರದ ಹಕ್ಕಿಗೆ ಕುತ್ತು ತರೋ ಮಸೂದೆ ಬಂದಾಗ, 1938ರ ನವೆಂಬರ್ 7ರಂದು ಅವರೇ ಮುಂದೆ ನಿಂತು ಮುಷ್ಕರ ಮಾಡಿಸಿದರು. ನಾವು ಮುಷ್ಕರದ ವಿರೋಧಿಗಳಲ್ಲ. ನಮ್ಮನ್ನ ಹೊಸ್ತಿಲಾಚೆ ಇಟ್ಟು ಕೂಗೋ ಘೋಷಣೆಯ ವಿರೋಧಿಗಳು.

ಮುಂದಿನ ಮುಷ್ಕರ ನಾಳೆ ಬರಲಿ, ಬರೋ ವರ್ಷ ಬರಲಿ, ತಯಾರಿ ಇವತ್ತೇ ಆಗಬೇಕು. ಬೇಡಿಕೆ ಪಟ್ಟಿಯ ಮೊದಲ ಸಾಲು ಕಸ ಹೊಡೆಯೋ ತಾಯಿಯದು, ಅಡುಗೆ ಮಾಡೋ ಅಕ್ಕನದು ಆಗಲಿ. ಮುಷ್ಕರದ ದಿನಗಳ ಹಾಜರಿ ಕಡಿಯೋದಿಲ್ಲ, ವಿದ್ಯಾರ್ಥಿವೇತನ ತಡೆಯೋದಿಲ್ಲ ಅಂತ ಆಡಳಿತದಿಂದ ಮೊದಲೇ ಬರೆಸಿಕೊಳ್ಳಿ. ಹಾಸ್ಟೆಲ್ ಒಲೆ ಆರಬಾರದು. ಕಾಯಂ ನೌಕರರು ಒಂದು ದಿನದ ಸಂಬಳ ತೆಗೆದಿಡಲಿ, ಊರಿಂದ ನಾವು ಜೋಳದ ಚೀಲ ಹೊತ್ತು ತರತೀವಿ.

ವಿದ್ಯಾರ್ಥಿ ಗೆಳೆಯರೇ, ಆ ದಿನ ನಿಮ್ಮ ಕೈಗೆ ಕಸಬರಿಗೆ ಕೊಟ್ಟು ‘ಶ್ರಮದಾನ’ ಅಂತಾರ. ಮುಟ್ಟಬ್ಯಾಡ್ರಿ. ನಮ್ಮ ಅವ್ವ ಕೆಳಗಿಟ್ಟ ಕಸಬರಿಗೆಯನ್ನ ಎತ್ತಿಕೊಟ್ಟರೆ ಅವಳ ಮಾತನ್ನ ನಾವೇ ಮುರಿದಂಗ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟರು. ಸೆಪ್ಟೆಂಬರ್‌ನಲ್ಲಿ ಸಂಪುಟ 11,133 ಕಾಯಂ ಹುದ್ದೆಗಳಿಗೆ ಒಪ್ಪಬೇಕಾಯಿತು.

ಕಸ ಅಲ್ಲೇ ಬಿದ್ದಿರಲಿ. ಕುಲಪತಿಗಳ ಬಾಗಿಲ ಮುಂದೂ ಬಿದ್ದಿರಲಿ. ಅದನ್ನ ದಿನಾ ಯಾರು ಎತ್ತತಿದ್ದರು ಅಂತ ಅವರಿಗೂ ಗೊತ್ತಾಗಲಿ.

ಜೈಭೀಮ್!