ಹಸುಳೆಯ ಕಣ್ಣಿನ ರಕ್ತನಾಳ: ಯಂತ್ರದ ನೋಟವನ್ನು ಎಷ್ಟು ನಂಬಬಹುದು?

ಬೆಂಗಳೂರು: ಅವಧಿಗೆ ಮುನ್ನ ಜನಿಸಿದ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಅವು ದಪ್ಪಗಾಗಿ ಅಂಕುಡೊಂಕಾಗಿ ತಿರುಚಿಕೊಂಡರೆ ಅಪಾಯದ ಸೂಚನೆ. ಆ ಹಂತದಲ್ಲಿ ಸಾಧ್ಯವಾದಲ್ಲೆಲ್ಲ 72 ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕು. ತಡವಾದರೆ ಅಕ್ಷಿಪಟಲ ಕಳಚಿ ಮಗು ಶಾಶ್ವತವಾಗಿ ದೃಷ್ಟಿ ಕಳೆದುಕೊಳ್ಳಬಹುದು.

ತೊಡಕೆಂದರೆ, ಎಷ್ಟು ತಿರುಚಿದರೆ ಅಪಾಯ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಒಬ್ಬರು ಸಹಜವೆಂದ ಚಿತ್ರವನ್ನು ಮತ್ತೊಬ್ಬರು ಸಂಶಯಿಸುವುದುಂಟು. ಈ ಹಿನ್ನೆಲೆಯಲ್ಲಿ 2018ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕರ ಅಧ್ಯಯನ ಗಮನಾರ್ಹ. 5,511 ಚಿತ್ರಗಳಿಂದ ಪಾಠ ಕಲಿತ ಅವರ ಡೀಪ್ ಲರ್ನಿಂಗ್ ವ್ಯವಸ್ಥೆ ಮೊದಲು ಚಿತ್ರದಿಂದ ರಕ್ತನಾಳಗಳನ್ನಷ್ಟೇ ಬೇರ್ಪಡಿಸಿ, ಅನಂತರ ಅವುಗಳ ಸ್ಥಿತಿಯನ್ನು ನಿರ್ಣಯಿಸುತ್ತದೆ. 100 ಹೊಸ ಚಿತ್ರಗಳ ಪರೀಕ್ಷೆಯಲ್ಲಿ ಅದು ಶೇ 91ರಷ್ಟು ನಿಖರತೆ ಸಾಧಿಸಿ, 8 ತಜ್ಞರ ಪೈಕಿ 6 ಮಂದಿಯನ್ನು ಹಿಂದಿಕ್ಕಿತು.

ಬೇರ್ಪಡಿಸುವ ಕೆಲಸಕ್ಕೆ ಬಳಕೆಯಾದದ್ದು ಜರ್ಮನಿಯ ಫ್ರೈಬರ್ಗ್‌ನಲ್ಲಿ 2015ರಲ್ಲಿ ರೂಪುಗೊಂಡ ಯು-ನೆಟ್. ತಜ್ಞರು ಕೈಯಾರೆ ಗುರುತಿಸಿದ ಕೆಲವೇ ಚಿತ್ರಗಳಿಂದಲೂ ಕಲಿಯಬಲ್ಲದೆಂಬುದು ಅದರ ಹೆಗ್ಗಳಿಕೆ. ಆದರೆ ಇಂಥ ಯಂತ್ರಗಳ ಅಂಕಗಳನ್ನು ಎಚ್ಚರದಿಂದ ಓದಬೇಕು. ಅಕ್ಷಿಪಟಲದ ಚಿತ್ರದಲ್ಲಿ ರಕ್ತನಾಳ ಆವರಿಸುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಎಲ್ಲಿಯೂ ನಾಳವೇ ಇಲ್ಲವೆನ್ನುವ ಯಂತ್ರಕ್ಕೂ ಶೇ 90ರ ಆಸುಪಾಸಿನ ಅಂಕ ಸಿಕ್ಕೀತು! ಎಳೆಯಂಥ ನಾಳವೊಂದು ನಡುವೆ ತುಂಡಾದರೆ ಅಂಕ ಕುಗ್ಗುವುದು ಅತ್ಯಲ್ಪ. ನಾಳದ ಅವಿಚ್ಛಿನ್ನತೆಯನ್ನೇ ಅಳೆಯುವ ಮಾನದಂಡವೊಂದು 2021ರಲ್ಲಿ ಬಂದದ್ದು ಇದೇ ಕಾರಣಕ್ಕೆ.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ತೆರಳುತ್ತಾರೆ. ಅವರು ಕಳುಹಿಸಿದ ಚಿತ್ರಗಳನ್ನು ದೂರದಿಂದಲೇ ತಜ್ಞರು ನೋಡುತ್ತಾರೆ. ಕೆಂಪು, ಕಿತ್ತಳೆ, ಹಸಿರು ಎಂದು ಶಿಶುಗಳನ್ನು ವಿಂಗಡಿಸುವ ಪದ್ಧತಿ ಯಂತ್ರಕ್ಕಿಂತ ಮೊದಲೇ ಇಲ್ಲಿತ್ತು.

ಅಮೆರಿಕದ ತಪಾಸಣಾ ಮಾರ್ಗಸೂಚಿ ಮುಖ್ಯವಾಗಿ 1,500 ಗ್ರಾಂವರೆಗಿನ ಶಿಶುಗಳಿಗೆ ಅನ್ವಯಿಸಿದರೆ, ಭಾರತದ್ದು 2,000 ಗ್ರಾಂಗಿಂತ ಕಡಿಮೆ ತೂಕದವರನ್ನು ಒಳಗೊಳ್ಳುತ್ತದೆ. ಇಲ್ಲಿ ತುಸು ದಷ್ಟಪುಷ್ಟ ಮಕ್ಕಳಿಗೂ ಈ ರೋಗ ತಟ್ಟುವುದೇ ಅದಕ್ಕೆ ಕಾರಣ. ಹೀಗಿರುವಾಗ ಅಲ್ಲಿನ ಚಿತ್ರಗಳಿಂದ ಕಲಿತ ಯಂತ್ರವನ್ನು ಇಲ್ಲಿನ ಚಿತ್ರಗಳ ಮೇಲೆ ಪ್ರತ್ಯೇಕವಾಗಿ ಪರೀಕ್ಷಿಸದೆ ಘಟಕಗಳಿಗೆ ತರುವುದು ಸಾಧುವಲ್ಲ. ಕೆಂಪು ಬೀಳಬೇಕಿದ್ದ ಎಷ್ಟು ಶಿಶುಗಳಿಗೆ ಯಂತ್ರ ಹಸಿರು ತೋರಿಸಿತು ಎಂಬುದನ್ನು ಶೇ 91ರ ಅಂಕಿಯೊಂದೇ ಹೇಳಲಾರದು.