ಬಡತನದ ಲೆಕ್ಕದಲ್ಲಿ ಸಾಲದ ಕಲಂ ಎಲ್ಲಿ?



ದೇಶದಲ್ಲಿ ಬಡತನ ಇಳಿಯಿತಂತೆ. 2013-14ರಲ್ಲಿ ಶೇ. 29.17 ಇದ್ದ ಬಡವರು 2022-23ಕ್ಕೆ ಶೇ. 11.28ಕ್ಕೆ ಇಳಿದರೆಂದು ನೀತಿ ಆಯೋಗ 2024ರಲ್ಲಿ ಲೆಕ್ಕ ಒಪ್ಪಿಸಿತು. ಹಳ್ಳಿಗೆ ಕರೆಂಟು, ಗ್ಯಾಸು, ಪಾಯಖಾನೆ ಬಂದದ್ದು ಸುಳ್ಳಲ್ಲ. ಆದರೆ ಅಳೆದ ಕೋಲು ಎಂಥದ್ದು, ಅದನ್ನೂ ನೋಡಬೇಕಲ್ಲ?

ಆಯೋಗದ ಅಳತೆಯಲ್ಲಿ 12 ಅಂಶಗಳು. ಪೌಷ್ಟಿಕತೆ, ಶಾಲೆ, ಕುಡಿಯುವ ನೀರು, ಮನೆ, ಬ್ಯಾಂಕ್ ಖಾತೆ ಎಲ್ಲಾ ಅದಾವ. ಸಾಲ ಮಾತ್ರ ಇಲ್ಲ. ಖಾತೆ ಇದ್ದರೆ ಒಂದು ಅಂಶದಲ್ಲಿ ಪಾಸು. ಬ್ಯಾಂಕಿಗೆ ಎಷ್ಟು ಬಾಕಿ ಕೊಡಬೇಕು ಅಂತ ಯಾರೂ ಕೇಳೂದಿಲ್ಲ.

ಹಿಂದಿನ ಬಡತನ ರೇಖೆಯ ಕಥೆಯೂ ಇದೇ. ತೆಂಡೂಲ್ಕರ್ ಸಮಿತಿಯ ಪದ್ಧತಿಯಂತೆ 2011-12ರಲ್ಲಿ ಹಳ್ಳಿಯವ ತಿಂಗಳಿಗೆ 816 ರೂ.ಗಿಂತ ಹೆಚ್ಚು ಖರ್ಚು ಮಾಡಿದರೆ ಬಡವನಲ್ಲ. ಅಂದರೆ ದಿನಕ್ಕೆ 27 ರೂಪಾಯಿ! ಖರ್ಚು ನೋಡಿದರು, ರೊಕ್ಕ ಎಲ್ಲಿಂದ ಬಂತು ಅಂತ ನೋಡಲಿಲ್ಲ. ಎಮ್ಮಿ ಮಾರಿ, ಬಡ್ಡಿಗೆ ತಂದು, ಹೆಂಡತಿಯನ್ನು ವಿಜಯಪುರದ ದವಾಖಾನಿಗೆ ಸೇರಿಸಿದವನ ಖರ್ಚು ಏರುತ್ತದೆ. ಕಾಗದದ ಮೇಲೆ ಅವನು ಮೇಲೆ ಬಂದ, ಮನೆಯಲ್ಲಿ ಮುಳುಗಿದ.

ಬಡತನ ಯಾಕೆ ಹೋಗುವುದಿಲ್ಲ? ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಕ್ಕೆ ಬಂದು ಕೇಳಲಿ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಗೊಬ್ಬರ, ಔಷಧಿ, ಆಳಿನ ಪಗಾರ ಎಲ್ಲಾ ಸಾಲದ ಮೇಲೆ. ಔಷಧಿಯ ಬೆಲೆ ಕಂಪನಿ ಹೇಳುತ್ತದೆ, ಒಣದ್ರಾಕ್ಷಿಯ ಬೆಲೆ ವ್ಯಾಪಾರಿ ಹೇಳುತ್ತಾನೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯೋಣವೆಂದರೆ ಬಾಡಿಗೆ ಒಂದು ಕಡೆ, ಬಡ್ಡಿ ಇನ್ನೊಂದು ಕಡೆ. ಇದಕ್ಕೆ ಬೆಂಬಲ ಬೆಲೆಯೇ ಇಲ್ಲ. ಬೆಂಬಲ ಬೆಲೆ ಇರುವ ತೊಗರಿಯ ಪಾಡೇನು? 2024-25ರಲ್ಲಿ ಕೇಂದ್ರ ಕ್ವಿಂಟಾಲಿಗೆ 7,550 ರೂ. ಸಾರಿತು, ರಾಶಿ ಮುಗಿದು ಮಾಲು ಪೇಟೆಗೆ ಬರುವ ಹೊತ್ತಿಗೆ ಧಾರಣಿ ಅದಕ್ಕಿಂತ ಕೆಳಗೆ ಕುಸಿಯಿತು. ಸಾಲದ ವಾಯಿದೆ ಮಾತ್ರ ಒಂದು ದಿನ ಹಿಂದೆ ಸರಿಯುವುದಿಲ್ಲ.

ಸರಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತೈತಿ. ಕೇಂದ್ರವೇ 2019ರಲ್ಲಿ ನಡೆಸಿದ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಅರ್ಧದಷ್ಟು ರೈತ ಕುಟುಂಬಗಳು ಸಾಲದಲ್ಲಿವೆ. ಕುಟುಂಬದ ಸರಾಸರಿ ಸಾಲ 74,121 ರೂ., ತಿಂಗಳ ಆದಾಯ 10,218 ರೂ. ಆ ಅಂಕಿ ಒಂದು ಕಡತದಲ್ಲಿ, ಬಡತನದ ಅಂಕಿ ಇನ್ನೊಂದು ಕಡತದಲ್ಲಿ. ಎರಡನ್ನೂ ಕೂಡಿಸಿ ಓದುವವರಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಬಡತನ ಅಳೆಯುವವರು ಇನ್ನೆರಡು ಪ್ರಶ್ನೆ ಸೇರಿಸಲಿ: ಮನೆಯ ಮೇಲೆ ಸಾಲ ಎಷ್ಟು? ಬೆಳೆಗೆ ಸಿಕ್ಕ ಬೆಲೆಯಿಂದ ಹಾಕಿದ ಖರ್ಚು ಹೊರಟಿತೇ? ಇವೆರಡನ್ನು ಬಿಟ್ಟು ಮಾಡಿದ ಲೆಕ್ಕದಿಂದ ಬಡತನ ಪಟ್ಟಿಯಿಂದ ಹೋದೀತು, ಊರಿಂದ ಹೋಗುವುದಿಲ್ಲ.