ಮಹಾಧಮನಿಯಲ್ಲಿ ಅಡಗಿ ಕೂರುವ ಜ್ವರ

ನೆದರ್ಲೆಂಡ್ಸ್‌ನ ಹೆರ್ಪೆನ್ ಎಂಬ ಹಳ್ಳಿಯಲ್ಲಿ 2007ರಲ್ಲಿ ಜನ ಒಬ್ಬರ ಹಿಂದೊಬ್ಬರು ಜ್ವರ, ನ್ಯುಮೋನಿಯಾ ಎಂದು ಹಾಸಿಗೆ ಹಿಡಿದರು. ಹಾಲಿಗಾಗಿ ಆಡು ಸಾಕುವ ದೊಡ್ಡ ಫಾರ್ಮ್‌ಗಳ ಸೀಮೆ ಅದು. ಕಂದು ಹಾಕಿದ ಆಡುಗಳ ಮಾಸಿನಲ್ಲಿದ್ದ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ ಧೂಳಿನೊಡನೆ ಊರೂರಿಗೆ ಹಾರಿತ್ತು. ಅದು ತರುವ ರೋಗವೇ ಕ್ಯೂ ಜ್ವರ. 2010ರೊಳಗೆ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಕ್ಯೂ ಜ್ವರದ ರೋಗಿಗಳೇ 4,000ಕ್ಕೂ ಹೆಚ್ಚು. 50,000ಕ್ಕೂ ಹೆಚ್ಚು ಆಡುಗಳನ್ನು ಕೊಂದರು, ಉಳಿದವಕ್ಕೆ ಲಸಿಕೆ ಹಾಕಿದರು. ಪಿಡುಗು ಇಳಿಯಿತು, ಪತ್ರಿಕೆಗಳೂ ಮರೆತವು.

ರೋಗ ಮಾತ್ರ ಹೋಗಲಿಲ್ಲ.

ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆದರೆ ಮಹಾಧಮನಿ ಉಬ್ಬಿದವರಲ್ಲಿ, ಕೃತಕ ರಕ್ತನಾಳ ಹಾಕಿಸಿಕೊಂಡವರಲ್ಲಿ, ಹೃದಯದ ಕವಾಟ ಕೆಟ್ಟವರಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ತಳವೂರಬಲ್ಲದು. ಸುಸ್ತು, ತೂಕ ಇಳಿಕೆ, ರಾತ್ರಿ ಬೆವರು ಎಂದರೆ ವಯಸ್ಸಾಯಿತು ಎಂದು ಸುಮ್ಮನಾಗುವವರೇ ಹೆಚ್ಚು. ಕೆಲವರಲ್ಲಿ ಗೊತ್ತಾಗುವುದು ನಾಳ ಒಡೆದಾಗಲೇ. ಪಿಡುಗಿನ ಸೀಮೆಯಲ್ಲಿ ಹೊಟ್ಟೆಯ ಮಹಾಧಮನಿಯ ತೊಂದರೆಯಿದ್ದ 770 ಮಂದಿಯ ರಕ್ತ ಪರೀಕ್ಷಿಸಿದಾಗ 130 ಜನರಲ್ಲಿ ಪ್ರತಿಕಾಯಗಳಿದ್ದವು. ಅವರಲ್ಲಿ 40 ಜನರ ರಕ್ತ ದೀರ್ಘಕಾಲದ ಸೋಂಕನ್ನು ಸೂಚಿಸಿತು. ಹುಡುಕದಿದ್ದರೆ ಸಿಗುತ್ತಿರಲಿಲ್ಲ.

ಊರಿನವರೆಲ್ಲರ ರಕ್ತ ತೆಗೆಯುವುದು ದುಂದು ಎನ್ನುವವರ ಮಾತು ಸರಿಯೇ. ಆದರೆ ಧಮನಿ ಉಬ್ಬಿದವರು ಹೇಗೂ ಸ್ಕ್ಯಾನಿಂಗ್‌ಗೆ ಮತ್ತೆ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ಆಗಲೇ ಒಂದು ಪ್ರತಿಕಾಯ ಪರೀಕ್ಷೆ ಮಾಡಿಸಿದರೆ ಯಾರ ಗಂಟು ಹೋಗುತ್ತದೆ? ಚಿಕಿತ್ಸೆಯೇನೂ ಹಗುರವಲ್ಲ. ಡಾಕ್ಸಿಸೈಕ್ಲಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಳನ್ನು ಕನಿಷ್ಠ 18 ತಿಂಗಳು ನುಂಗಬೇಕು. ಬಿಸಿಲಿಗೆ ಚರ್ಮ ಉರಿಯುತ್ತದೆ, ಕಣ್ಣಿನ ತಪಾಸಣೆ ಬೇಕು, ಕೆಲವರಿಗೆ ಸೋಂಕು ತಗುಲಿದ ನಾಳವನ್ನೇ ತೆಗೆಯಬೇಕಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಸೋಂಕು ಮರಳಬಹುದು. ಹೀಗಾಗಿ ವರ್ಷಗಳ ನಿಗಾ ವೈದ್ಯರ ಔದಾರ್ಯವಲ್ಲ, ಚಿಕಿತ್ಸೆಯದೇ ಭಾಗ.

ಖರ್ಚು ಸರ್ಕಾರದ್ದೇ ಆಗಬೇಕು. ಪಿಡುಗಿನ ಮೊದಲ ವರ್ಷಗಳಲ್ಲಿ ಯಾವ ಫಾರ್ಮ್‌ಗೆ ಸೋಂಕು ತಗುಲಿದೆ ಎಂಬುದನ್ನು ಖಾಸಗಿತನದ ಹೆಸರಿನಲ್ಲಿ ಮುಚ್ಚಿಟ್ಟದ್ದು ಅದೇ ಸರ್ಕಾರ. 2012ರಲ್ಲಿ ಅಲ್ಲಿನ ರಾಷ್ಟ್ರೀಯ ಓಂಬುಡ್ಸ್‌ಮನ್ ಈ ಬಗ್ಗೆ ಕಟುವಾಗಿಯೇ ಬರೆದರು.

ನ್ಯೂಜಿಲೆಂಡ್ ಬಿಟ್ಟರೆ ಈ ಬ್ಯಾಕ್ಟೀರಿಯಾ ಇಲ್ಲದ ನಾಡು ಕಡಿಮೆ. ಭಾರತದ ಜಾನುವಾರುಗಳಲ್ಲೂ ಇದರ ಪ್ರತಿಕಾಯಗಳು ಸಿಕ್ಕಿವೆ. ಕುರಿ ಮೇಯಿಸುವ ನಮ್ಮ ಸೀಮೆಗಳಲ್ಲಿ ಧಮನಿಯ ರೋಗಿ ಕಾರಣ ತಿಳಿಯದ ಜ್ವರವೆಂದು ಬಂದಾಗ, ಮನೆಯಲ್ಲಿ ಆಡು ಕುರಿ ಇವೆಯೇ, ಇತ್ತೀಚೆಗೆ ಯಾವುದಾದರೂ ಕಂದು ಹಾಕಿತೇ ಎಂದು ವೈದ್ಯರು ಕೇಳಲೇಬೇಕು.